ಹೆಚ್ಚು ಖರ್ಚಿಲ್ಲದೆ ಒಂದು ನಗರವನ್ನು ಕಣ್ತುಂಬ ನೋಡುವುದು ಹೇಗೆ

ದೊಡ್ಡ ನಗರಗಳಲ್ಲಿ ಪುಕ್ಕಟೆಯಾಗಿ ನೋಡಲು, ಕೇಳಲು ಸಿಗುವುದು ಬೇಕಾದಷ್ಟಿದೆ. ಅದು ಯಾವ ದಿನ, ಎಷ್ಟು ಗಂಟೆಗೆ, ಯಾವ ಬಾಗಿಲಲ್ಲಿ ಸಿಗುತ್ತದೆ ಎಂದು ಮಾತ್ರ ಯಾರೂ ಕೂಗಿ ಹೇಳುವುದಿಲ್ಲ. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿ ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8, ಭಾನುವಾರ 5ರಿಂದ 7 ಪ್ರವೇಶ ಉಚಿತ. ಐದೂವರೆಗೆ ಹೋದವರು ಪೂರ್ತಿ ಟಿಕೆಟ್ ಕೊಟ್ಟು ನೋಡುವ ಚಿತ್ರಗಳನ್ನೇ ಆರು ಗಂಟೆಯ ಸಾಲಿನಲ್ಲಿ ನಿಂತವರು ಕಾಸಿಲ್ಲದೆ ನೋಡುತ್ತಾರೆ. ಹಾಗಾಗಿ ಕಡಿಮೆ ಖರ್ಚಿನ ದಿನವನ್ನು ಯೋಜಿಸುವಾಗ ಮೊದಲು ಗಡಿಯಾರ ನೋಡಿ, ಆಮೇಲೆ ನಕ್ಷೆ. ಯಾವುದು ಎಲ್ಲಿದೆ ಎನ್ನುವುದಕ್ಕಿಂತ ಯಾವುದು ಯಾವಾಗ ತೆರೆದಿರುತ್ತದೆ ಎನ್ನುವುದೇ ಇಡೀ ದಿನದ ಆಕಾರವನ್ನು ತೀರ್ಮಾನಿಸುತ್ತದೆ.

ಉಚಿತ ಗಂಟೆಗಳನ್ನು ಹುಡುಕುವುದು

ಪ್ರವಾಸಿ ಜಾಲತಾಣಗಳ ಪಟ್ಟಿಗಳನ್ನು ನಂಬಿ ಹೊರಡಬೇಡಿ. ಅವುಗಳಲ್ಲಿ ಅರ್ಧಕ್ಕರ್ಧ ಹಳೆಯ ಮಾಹಿತಿ ಇರುತ್ತದೆ. ನೇರವಾಗಿ ಆ ಸಂಸ್ಥೆಯ ಅಧಿಕೃತ ತಾಣಕ್ಕೆ ಹೋಗಿ, ಟಿಕೆಟ್ ದರದ ಪುಟ ತೆರೆದು, ಕೆಳಗಿನವರೆಗೂ ಓದಿ. ಉಚಿತ ಸಮಯದ ವಿವರ ಸಾಮಾನ್ಯವಾಗಿ ದರಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ.

ಕೆಲವು ಸಂಸ್ಥೆಗಳು ವರ್ಷವಿಡೀ ಉಚಿತ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಂಗಳು ಈ ಜಾತಿಯವು. ಇನ್ನು ಕೆಲವು ವಾರದಲ್ಲಿ ಕೆಲವು ಗಂಟೆ ಮಾತ್ರ ಬಿಡುತ್ತವೆ, ಪ್ರಾಡೊದಂತೆ. ತಿಂಗಳಿಗೊಮ್ಮೆ ಬಾಗಿಲು ತೆರೆಯುವವೂ ಇವೆ: ಇಟಲಿಯಲ್ಲಿ ಸರ್ಕಾರಿ ಮ್ಯೂಸಿಯಂಗಳು ಮತ್ತು ಪ್ರಾಚೀನ ತಾಣಗಳು 2014ರಿಂದ ತಿಂಗಳ ಮೊದಲ ಭಾನುವಾರ ಉಚಿತ, ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ. ವರ್ಷಕ್ಕೊಮ್ಮೆ ಬರುವ ದಿನಗಳಲ್ಲಿ ಮೇ 18ರ ಅಂತರರಾಷ್ಟ್ರೀಯ ಮ್ಯೂಸಿಯಂ ದಿನವನ್ನು ಮರೆಯಬೇಡಿ. ಆ ದಿನ ಅಥವಾ ಅದರ ಆಸುಪಾಸಿನ ವಾರಾಂತ್ಯದಲ್ಲಿ ಅನೇಕ ದೇಶಗಳ ಮ್ಯೂಸಿಯಂಗಳು ಶುಲ್ಕ ಬಿಡುತ್ತವೆ. ಸೆಪ್ಟೆಂಬರ್‌ನಲ್ಲಿ ಯುರೋಪಿನಾದ್ಯಂತ ಪರಂಪರೆಯ ದಿನಗಳು ನಡೆಯುತ್ತವೆ. ಉಳಿದ ದಿನಗಳಲ್ಲಿ ಸಾರ್ವಜನಿಕರಿಗೆ ಪ್ರವೇಶವೇ ಇಲ್ಲದ ಸಚಿವಾಲಯ, ಅರಮನೆ, ಹಳೆಯ ಬ್ಯಾಂಕು, ನೀರಿನ ಸ್ಥಾವರಗಳ ಒಳಗೆ ಆಗ ಹೋಗಬಹುದು. ಲಂಡನ್ನಿನಲ್ಲಿ 1992ರಲ್ಲಿ ಶುರುವಾದ ಓಪನ್ ಹೌಸ್ ಉತ್ಸವವೂ ಇದೇ ಬಗೆಯದು, ಇಂದು ಹಲವು ನಗರಗಳಿಗೆ ಹಬ್ಬಿದೆ. ಪ್ರಯಾಣದ ದಿನಾಂಕ ಇನ್ನೂ ನಿಶ್ಚಯವಾಗದಿದ್ದರೆ ಇಂಥ ವಾರಾಂತ್ಯಕ್ಕೆ ಹೊಂದಿಸಿಕೊಳ್ಳಿ. ದುಡ್ಡು ಕೊಟ್ಟರೂ ಸಿಗದ ಬಾಗಿಲುಗಳು ತೆರೆಯುವುದು ಆಗ ಮಾತ್ರ.

ಇನ್ನು ಎಡವುವ ಜಾಗಗಳು. ಮೊದಲನೆಯದು ಸರದಿ. ಪ್ರಾಡೊದ ಉಚಿತ ಸಮಯ ಎರಡೇ ಗಂಟೆ, ಅದರಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲೇ ಕಳೆದರೆ ಏನು ಬಂತು? ಬಾಗಿಲು ತೆರೆಯುವುದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ, ಅಥವಾ ಮೊದಲ ನೂಕುನುಗ್ಗಲು ಕರಗಿದ ಮೇಲೆ ಹೋಗಿ ಐದಾರು ಚಿತ್ರಗಳನ್ನಷ್ಟೇ ನೋಡುವ ಸಂಕಲ್ಪ ಮಾಡಿ. ವ್ಯಾಟಿಕನ್‌ನ ಉಚಿತ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 2ರವರೆಗೆ, ಒಳಗೆ ಬಿಡುವುದು 12:30ರವರೆಗೆ ಮಾತ್ರ. ರೋಮ್‌ನಲ್ಲಿ ಒಂದೇ ದಿನ ಇರುವವರು ಅದಕ್ಕೆ ಹೋಗಬಾರದು ಎಂಬುದು ನಮ್ಮ ಅಭಿಪ್ರಾಯ. ಸಾಲಿನಲ್ಲಿ ಕಳೆದ ಬೆಳಗಿನಲ್ಲಿ ಶುಲ್ಕವೇ ಇಲ್ಲದ ಹತ್ತು ಚರ್ಚುಗಳನ್ನು ನಿಧಾನವಾಗಿ ನೋಡಬಹುದಿತ್ತು.

ಎರಡನೆಯದು, ಉಚಿತ ಎಂದರೆ ಟಿಕೆಟ್ ಬೇಡ ಎಂದರ್ಥವಲ್ಲ. ಬರ್ಲಿನ್‌ನ ಸಂಸತ್ ಭವನ ರೈಖ್‌ಸ್ಟಾಗ್‌ನ ಗಾಜಿನ ಗುಮ್ಮಟಕ್ಕೆ ಶುಲ್ಕವಿಲ್ಲ, ಆದರೆ ಮೊದಲೇ ಆನ್‌ಲೈನ್‌ನಲ್ಲಿ ಪ್ರತಿಯೊಬ್ಬರ ಹೆಸರು, ಹುಟ್ಟಿದ ದಿನಾಂಕ ಕೊಟ್ಟು ನೋಂದಾಯಿಸಬೇಕು, ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಬೇಕು. ವಾಷಿಂಗ್ಟನ್‌ನ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂಗೆ ಗಂಟೆ ನಮೂದಿಸಿದ ಉಚಿತ ಪಾಸ್ ಬೇಕು. ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂ ಮೊದಲ ಭಾನುವಾರ ಉಚಿತ, ಅದಕ್ಕೂ ಕಾಯ್ದಿರಿಸಲೇಬೇಕು. ಇಂಥ ಪಾಸುಗಳು ಬೇಗ ಖಾಲಿಯಾಗುತ್ತವೆ. ಖಾಲಿ ಎಂದು ತೋರಿಸಿದರೂ ಹಿಂದಿನ ದಿನ ರಾತ್ರಿ ಮತ್ತು ಆ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ, ರದ್ದಾದವು ಆಗ ಮರಳಿ ಬಂದಿರುವುದುಂಟು.

ಮೂರನೆಯದು ವಾರದ ರಜೆ. ಪ್ಯಾರಿಸ್‌ನಲ್ಲೇ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ಓರ್ಸೆ ಸೋಮವಾರ. ಹೀಗಾಗಿ ಮಂಗಳವಾರ ಲೂವ್ರ್‌ನ ಜನವೆಲ್ಲ ಓರ್ಸೆಗೆ ಬಂದು ಬೀಳುತ್ತದೆ. ನೀವು ಹೋಗುವ ಜಾಗದ ರಜೆಯ ಜೊತೆಗೆ ಪಕ್ಕದ ದೊಡ್ಡ ಆಕರ್ಷಣೆಯ ರಜೆಯನ್ನೂ ನೋಡಿಕೊಳ್ಳಿ.

ಒಳಗೆ ಹೋದ ಮೇಲೆ

ಉಚಿತ ಮ್ಯೂಸಿಯಂನ ದೊಡ್ಡ ಲಾಭ ಎಂದರೆ ಬೇಗ ಹೊರಬರುವ ಸ್ವಾತಂತ್ರ್ಯ. ಟಿಕೆಟ್ ಕೊಂಡವರು ದುಡ್ಡು ವಸೂಲಾಗಬೇಕೆಂದು ನಾಲ್ಕು ಗಂಟೆ ತಿರುಗಿ ಕಾಲು ನೋಯಿಸಿಕೊಳ್ಳುತ್ತಾರೆ. ನೀವು ಒಂದೂವರೆ ಗಂಟೆ ಇಟ್ಟುಕೊಳ್ಳಿ, ಎರಡು ಕೋಣೆ ಆಯ್ದುಕೊಳ್ಳಿ, ಹತ್ತು ಹನ್ನೆರಡು ವಸ್ತುಗಳನ್ನು ಚೆನ್ನಾಗಿ ನೋಡಿ. ಉಳಿದದ್ದಕ್ಕೆ ಮತ್ತೊಂದು ದಿನ ಬನ್ನಿ. ಬೆಳಿಗ್ಗೆ ಬಾಗಿಲು ತೆರೆದಾಗ ಎಲ್ಲರೂ ನೆಲಮಹಡಿಯ ಪ್ರಸಿದ್ಧ ವಸ್ತುವಿನತ್ತ ಓಡುತ್ತಾರೆ. ನೀವು ನೇರವಾಗಿ ಮೇಲಿನ ಮಹಡಿಗೆ ಹೋಗಿ ಕೆಳಗಿಳಿಯುತ್ತ ಬನ್ನಿ. ವಾರದಲ್ಲೊಂದು ದಿನ ತಡವಾಗಿ ಮುಚ್ಚುವ ಕಡೆ ಆ ಸಂಜೆಯೇ ಒಳ್ಳೆಯದು. ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ ರಾತ್ರಿ 8:30ರವರೆಗೆ ತೆರೆದಿರುತ್ತದೆ, ಆ ಹೊತ್ತಿಗೆ ಶಾಲಾ ಗುಂಪುಗಳೂ ಪ್ರವಾಸಿ ಬಸ್ಸುಗಳೂ ಹೋಗಿಯಾಗಿರುತ್ತವೆ.

ಉಚಿತ ಇರುವುದು ಸಾಮಾನ್ಯವಾಗಿ ಶಾಶ್ವತ ಸಂಗ್ರಹಕ್ಕೆ. ವಿಶೇಷ ಪ್ರದರ್ಶನಕ್ಕೆ ಬೇರೆ ಟಿಕೆಟ್ ಇರುತ್ತದೆ, ಅದರ ಫಲಕವೇ ಬಾಗಿಲಲ್ಲಿ ದೊಡ್ಡದಾಗಿ ಕಾಣುತ್ತದೆ. ಅದನ್ನು ದಾಟಿ ಮುಂದೆ ನಡೆಯಿರಿ.

ಗ್ರಂಥಾಲಯಗಳನ್ನು ಮ್ಯೂಸಿಯಂಗಳ ಜೊತೆಗೇ ಪಟ್ಟಿಗೆ ಸೇರಿಸಿ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಉಚಿತ ಗ್ಯಾಲರಿಯಲ್ಲಿ ಇಂಗ್ಲೆಂಡಿನ ಹಳೆಯ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾ ಇದೆ. ಮೆಲ್ಬರ್ನ್‌ನ ಸ್ಟೇಟ್ ಲೈಬ್ರರಿಯ ಗುಮ್ಮಟದ ಕೆಳಗಿನ ಎಂಟು ಮೂಲೆಯ ವಾಚನಾಲಯ 1913ರದು; ಮೇಲಿನ ಮಹಡಿಗಳ ಕಟಾಂಜನದಿಂದ ಕೆಳಗೆ ನೋಡಿದರೆ ಮೇಜುಗಳು ಕೇಂದ್ರದಿಂದ ಚಕ್ರದ ಕಡ್ಡಿಗಳಂತೆ ಹರಡಿಕೊಂಡಿರುವುದು ಕಾಣುತ್ತದೆ. ಕೂರಲು ಜಾಗ, ಶೌಚಾಲಯ, ವೈಫೈ, ಮಳೆಗೆ ಆಸರೆ ಎಲ್ಲವೂ ಒಂದೇ ಕಡೆ ಸಿಗುವ ಸಾರ್ವಜನಿಕ ಕಟ್ಟಡ ಇದಕ್ಕಿಂತ ಇನ್ನೊಂದಿಲ್ಲ.

ಎತ್ತರ ಮತ್ತು ನೀರು

ನಗರವನ್ನು ಮೇಲಿನಿಂದ ನೋಡಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಗೋಪುರಗಳು ಅದಕ್ಕೆ ಚೆನ್ನಾಗಿ ದುಡ್ಡು ಕೀಳುತ್ತವೆ. ಸರ್ಕಾರಿ ಕಟ್ಟಡ, ಗ್ರಂಥಾಲಯ, ವಿಶ್ವವಿದ್ಯಾಲಯ, ಗುಡ್ಡದ ಮೇಲಿನ ಉದ್ಯಾನ ಇವುಗಳಲ್ಲಿ ಯಾವುದಕ್ಕಾದರೂ ತೆರೆದ ವೀಕ್ಷಣಾ ಮಹಡಿ ಇದೆಯೇ ಎಂದು ಮೊದಲು ಹುಡುಕಿ. ಟೋಕಿಯೊ ಮಹಾನಗರ ಸರ್ಕಾರದ ಕಚೇರಿಯ 45ನೇ ಮಹಡಿ ನೆಲದಿಂದ 202 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಹೋಗಲು ಶುಲ್ಕವಿಲ್ಲ. ಚಳಿಗಾಲದ ಶುಭ್ರ ಬೆಳಿಗ್ಗೆ ಅಲ್ಲಿಂದ ಫ್ಯೂಜಿ ಪರ್ವತ ಕಾಣುತ್ತದೆ. ಬೇಸಿಗೆಯ ಮಧ್ಯಾಹ್ನ ಹೋದರೆ ಗಾಳಿಯಲ್ಲಿನ ತೇವದಿಂದ ಬರೀ ಬಿಳಿ ಮಬ್ಬು.

ಸಂಜೆ ಹೋಗುವುದಾದರೆ ಸೂರ್ಯಾಸ್ತಕ್ಕೆ 40 ನಿಮಿಷ ಮೊದಲು ಮೇಲಿರಿ. ಆಗ ಹಗಲು, ಮುಳುಗುವ ಹೊತ್ತು, ದೀಪ ಹತ್ತಿದ ನಗರ ಮೂರೂ ಒಂದೇ ಭೇಟಿಯಲ್ಲಿ ಸಿಗುತ್ತವೆ. ಸೂರ್ಯ ಮುಳುಗಿದ ಕೂಡಲೇ ಇಳಿಯಬೇಡಿ, ಅದಾಗಿ 20 ನಿಮಿಷದ ನಂತರ ಆಕಾಶ ಕಡುನೀಲಿಯಾಗಿ ಕಿಟಕಿಗಳ ಬೆಳಕಿಗೆ ಸರಿಸಮ ಬರುತ್ತದೆ, ಫೋಟೊಗೆ ಅದೇ ಹೊತ್ತು. ಒಳಗಿನ ದೀಪ ಗಾಜಿನಲ್ಲಿ ಪ್ರತಿಫಲಿಸಿ ಚಿತ್ರ ಹಾಳಾಗುವುದು ಸಾಮಾನ್ಯ. ಫೋನಿನ ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಿರಿ, ಸುತ್ತ ಕಪ್ಪು ಬಟ್ಟೆ ಅಥವಾ ಅಂಗೈ ಅಡ್ಡ ಇಡಿ, ಫ್ಲ್ಯಾಶ್ ಆರಿಸಿ.

ನೀರಿನ ಮೇಲೆ ಹೋಗಬೇಕಾದರೆ ಪ್ರವಾಸಿ ದೋಣಿಯ ಬದಲು ಊರಿನವರು ಕೆಲಸಕ್ಕೆ ಹೋಗಿಬರುವ ಫೆರಿ ಹತ್ತಿ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್ ಫೆರಿ 1997ರಿಂದ ಉಚಿತ, ಹಗಲು ರಾತ್ರಿ ಓಡುತ್ತದೆ, ಒಂದು ಕಡೆಗೆ 8 ಕಿಲೋಮೀಟರಿಗೆ ತುಸು ಹೆಚ್ಚು ದೂರ, 25 ನಿಮಿಷದ ಯಾನ. ಮ್ಯಾನ್‌ಹಟನ್ ತುದಿಯ ವೈಟ್‌ಹಾಲ್ ನಿಲ್ದಾಣದಿಂದ ಹೊರಡುವಾಗ ಬಲಬದಿಯ ಕಟಾಂಜನಕ್ಕೆ ಹೋಗಿ ನಿಂತುಕೊಳ್ಳಿ, ಸ್ವಾತಂತ್ರ್ಯ ದೇವಿಯ ಪ್ರತಿಮೆ ಆ ಕಡೆಯೇ ಬರುತ್ತದೆ. ಮರಳುವಾಗ ಎಡಬದಿ. ಹೋದ ದೋಣಿಯಲ್ಲೇ ಕುಳಿತು ವಾಪಸ್ ಬರಲು ಬಿಡುವುದಿಲ್ಲ. ಆಚೆ ದಡದಲ್ಲಿ ಎಲ್ಲರೂ ಇಳಿದು ನಿಲ್ದಾಣದ ಒಳಗಿಂದ ಸುತ್ತಿ ಮತ್ತೆ ಹತ್ತಬೇಕು. ಬೆಳಿಗ್ಗೆ ಮತ್ತು ಸಂಜೆ ಕಚೇರಿ ಹೊತ್ತಿನಲ್ಲಿ ದೋಣಿಗಳು ಹೆಚ್ಚು, ಜನವೂ ಹೆಚ್ಚು. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲಿನ ದೋಣಿ ಹತ್ತಿದರೆ ಬೆಳಕು ಇರುವಾಗ ಪ್ರತಿಮೆ, ಮರಳುವಾಗ ದೀಪ ಹತ್ತಿದ ಗಗನಚುಂಬಿಗಳು. ನಿಲ್ದಾಣದ ಹೊರಗೆ ಇದೇ ಫೆರಿಗೆ ಟಿಕೆಟ್ ಕೊಡುತ್ತೇನೆ ಎನ್ನುವವರು ಯಾರಾದರೂ ಸಿಕ್ಕರೆ ನಿಲ್ಲದೆ ಮುಂದೆ ನಡೆಯಿರಿ. ಈ ದೋಣಿಗೆ ಟಿಕೆಟ್ಟೇ ಇಲ್ಲ.

ನಡಿಗೆಯ ದಾರಿ ಕಟ್ಟುವುದು

ಊರು ತಿಳಿಯಬೇಕಾದರೆ ಕಾಲ್ನಡಿಗೆಯೇ ಸರಿ. ಆದರೆ ಗೊತ್ತುಗುರಿಯಿಲ್ಲದೆ ಅಲೆದರೆ ಎರಡು ಗಂಟೆಯಲ್ಲಿ ಸುಸ್ತಾಗಿ ಟ್ಯಾಕ್ಸಿ ಹಿಡಿಯುತ್ತೀರಿ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ದಾರಿಯನ್ನು ಹಿಂದಿನ ರಾತ್ರಿಯೇ ಕಟ್ಟಿಕೊಳ್ಳಿ.

ಸುಮ್ಮನೆ ನಡೆದರೆ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗಬಹುದು. ನಿಂತು ನೋಡುತ್ತ ನಡೆದರೆ ಎರಡು ಎಂದು ಲೆಕ್ಕ ಹಾಕಿ. ಹಾಗಾಗಿ ಅರ್ಧ ದಿನಕ್ಕೆ 6 ಕಿಲೋಮೀಟರ್ ಸಾಕು. ನಕ್ಷೆಯಲ್ಲಿ ನೋಡಬೇಕಾದ ಎಲ್ಲವನ್ನೂ ಗುರುತಿಸಿ, ಅವು ಎಲ್ಲಿ ಗುಂಪಾಗಿವೆ ಎಂದು ನೋಡಿ, ಒಂದು ಗುಂಪನ್ನು ಮಾತ್ರ ಆ ದಿನಕ್ಕೆ ಇಟ್ಟುಕೊಳ್ಳಿ. ಗುಡ್ಡವಿದ್ದರೆ ಬಸ್ಸಿನಲ್ಲಿ ಮೇಲೆ ಹೋಗಿ ನಡೆದು ಇಳಿಯಿರಿ. ದಾರಿ ಮುಗಿಯುವುದು ಮೆಟ್ರೊ ಅಥವಾ ಬಸ್ ನಿಲ್ದಾಣದ ಹತ್ತಿರ ಇರಲಿ, ಸುತ್ತು ಹಾಕಿ ಹೊರಟಲ್ಲಿಗೇ ಬರುವ ಹಟ ಬೇಡ. ಬಿಸಿಲಿನ ಊರಿನಲ್ಲಿ ಬೆಳಿಗ್ಗೆ ಹೊರಗೆ, ನಡುಮಧ್ಯಾಹ್ನ ಒಳಗೆ, ಸಂಜೆ ಮತ್ತೆ ಹೊರಗೆ. ಪ್ರತಿ ಗಂಟೆಗೊಮ್ಮೆ ಕೂರುವ ಜಾಗ ಮತ್ತು ಶೌಚಾಲಯ ಎಲ್ಲಿ ಎಂದು ಮೊದಲೇ ಗುರುತು ಹಾಕಿ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರಿತ ಆ್ಯಪ್‌ಗಳಲ್ಲಿ ಕುಡಿಯುವ ನೀರಿನ ನಲ್ಲಿ, ಬೆಂಚು, ಸಾರ್ವಜನಿಕ ಶೌಚಾಲಯಗಳ ಗುರುತು ಇರುತ್ತದೆ. ನಕ್ಷೆಯನ್ನು ಫೋನಿಗೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ.

ಏನು ನೋಡಬೇಕು ಎನ್ನುವುದಕ್ಕೂ ಒಂದು ಕ್ರಮವಿದೆ. ಹಳೆಯ ಬೀದಿಯಲ್ಲಿ ನೆಲಮಹಡಿಯ ಅಂಗಡಿಗಳು ಮತ್ತೆ ಮತ್ತೆ ಬದಲಾಗುತ್ತವೆ, ಕಟ್ಟಡದ ನಿಜವಾದ ವಯಸ್ಸು ಮೊದಲ ಮಹಡಿಯಿಂದ ಮೇಲೆ ಕಾಣುತ್ತದೆ. ರಸ್ತೆಯ ಎದುರುಬದಿಗೆ ಹೋಗಿ ತಲೆ ಎತ್ತಿ. ತ್ರಿಕೋನದ ಮುಂಗೋಡೆ, ಬಾಗಿಲ ಕಮಾನಿನ ನಡುಗಲ್ಲು, ಮೂಲೆಯ ಅಡಿಗಲ್ಲು ಈ ಮೂರು ಕಡೆ ಇಸವಿ ಕೆತ್ತಿರುವುದು ಹೆಚ್ಚು. ಎರಕದ ಕಂಬಗಳ ಬುಡದಲ್ಲಿ ತಯಾರಿಸಿದ ಕಾರ್ಖಾನೆಯ ಹೆಸರು ಇರುತ್ತದೆ.

ನಕ್ಷೆಯಲ್ಲಿ ಹಳೆಯ ಪೇಟೆಯನ್ನು ಬಳೆಯಂತೆ ಸುತ್ತುವ ಅಗಲ ರಸ್ತೆ ಕಂಡರೆ ಅಲ್ಲಿ ಹಿಂದೆ ಕೋಟೆಗೋಡೆ ಇದ್ದಿರಬಹುದು. ವಿಯೆನ್ನಾದ ರಿಂಗ್‌ಸ್ಟ್ರಾಸೆ ಹಾಗೇ ಹುಟ್ಟಿದ್ದು: 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಗೋಡೆ ಕೆಡವಲು ಆಜ್ಞೆ ಮಾಡಿದ, 1865ರಲ್ಲಿ ರಸ್ತೆ ಉದ್ಘಾಟನೆಯಾಯಿತು. ಆ ರಸ್ತೆಯ ಭವ್ಯ ಕಟ್ಟಡಗಳನ್ನು ನೋಡಲು ಊರಿನ ಮಾಮೂಲಿ 1 ಮತ್ತು 2ನೇ ನಂಬರಿನ ಟ್ರಾಮ್‌ಗಳು ಸಾಕು. ಯಾವುದೊಂದೂ ಪೂರ್ತಿ ಸುತ್ತು ಹಾಕುವುದಿಲ್ಲ, ನಡುವೆ ಇಳಿದು ಇನ್ನೊಂದಕ್ಕೆ ಬದಲಾಯಿಸಬೇಕು ಅಷ್ಟೆ.

ನೆಲವನ್ನೂ ನೋಡಿ. ಬರ್ಲಿನ್ ಮತ್ತು ಯುರೋಪಿನ ಅನೇಕ ಊರುಗಳ ಪಾದಚಾರಿ ದಾರಿಯಲ್ಲಿ 10 ಸೆಂಟಿಮೀಟರ್ ಚೌಕದ ಹಿತ್ತಾಳೆ ಮುಖದ ಕಲ್ಲುಗಳು ಸಿಗುತ್ತವೆ. ಕಲಾವಿದ ಗುಂಟರ್ ಡೆಮ್ನಿಗ್ ಆರಂಭಿಸಿದ ಕೆಲಸ ಇದು. 2023ರ ಹೊತ್ತಿಗೆ ಒಂದು ಲಕ್ಷ ಕಲ್ಲು ದಾಟಿತು. ನಾಜಿಗಳು ಎಳೆದೊಯ್ದ ಒಬ್ಬೊಬ್ಬರಿಗೆ ಒಂದೊಂದು ಕಲ್ಲು, ಅವರು ತಾವಾಗಿ ಆರಿಸಿಕೊಂಡು ಬಾಳಿದ ಕೊನೆಯ ಮನೆಯ ಮುಂದೆ. ಬಗ್ಗಿ ಓದಿದರೆ ಇಲ್ಲಿ ವಾಸವಿದ್ದರು ಎಂಬ ಮೊದಲ ಸಾಲು, ಹೆಸರು, ಹುಟ್ಟಿದ ವರ್ಷ, ಸಾಗಿಸಿದ ವರ್ಷ ಮತ್ತು ಜಾಗ. ಒಂದೇ ಬಾಗಿಲ ಮುಂದೆ ನಾಲ್ಕು ಕಲ್ಲು ಒಟ್ಟಿಗೆ ಇದ್ದರೆ ವರ್ಷಗಳನ್ನು ಹೋಲಿಸಿ, ತಂದೆತಾಯಿ ಯಾರು, ಮಕ್ಕಳು ಯಾರು ಎಂದು ತಿಳಿಯುತ್ತದೆ. ಇದಕ್ಕಾಗಿ ಯಾವ ಮ್ಯೂಸಿಯಂಗೂ ಹೋಗಬೇಕಾಗಿಲ್ಲ, ಐದು ನಿಮಿಷ ನಿಂತರೆ ಸಾಕು.

ಉಚಿತ ನಡಿಗೆ ಎಂದು ಜಾಹೀರಾತು ಹಾಕುವ ಪ್ರವಾಸಗಳ ವಿಷಯ ಬೇರೆ. ಅವು ಟಿಪ್ಸ್ ಮೇಲೆ ನಡೆಯುತ್ತವೆ, ಎಷ್ಟೋ ಕಡೆ ಮಾರ್ಗದರ್ಶಿಯೇ ತಲೆಗಿಷ್ಟು ಎಂದು ಸಂಸ್ಥೆಗೆ ಕಟ್ಟಬೇಕು. ಕೊನೆಯಲ್ಲಿ ಏನೂ ಕೊಡದೆ ಜಾರಿಕೊಳ್ಳುವುದು ಆ ದುಡಿಮೆಗೆ ಮಾಡುವ ಅನ್ಯಾಯ. ಇದನ್ನು ಅಗ್ಗದ ಖರ್ಚಿನ ಪಟ್ಟಿಯಲ್ಲಿ ಬರೆದುಕೊಳ್ಳಿ, ಪುಕ್ಕಟೆಯದರಲ್ಲಿ ಬೇಡ. ನಿಜಕ್ಕೂ ಕಾಸಿಲ್ಲದ್ದು ಬೇಕೆಂದರೆ ಮೇ ತಿಂಗಳ ಮೊದಲ ವಾರಾಂತ್ಯದ ಜೇನ್ಸ್ ವಾಕ್ ನೋಡಿ. 2007ರಲ್ಲಿ ಟೊರೊಂಟೊದಲ್ಲಿ ಶುರುವಾದ ಈ ನಡಿಗೆಗಳನ್ನು ಊರಿನವರೇ ನಡೆಸುತ್ತಾರೆ.

ಕೇಳಲು ಸಿಗುವುದು

ಸಂಗೀತ ಶಾಲೆಗಳ ವಿದ್ಯಾರ್ಥಿಗಳ ಕಛೇರಿ ಹೆಚ್ಚಿನ ಪ್ರವಾಸಿಗಳ ಕಣ್ಣಿಗೆ ಬೀಳುವುದೇ ಇಲ್ಲ. ಆ ಶಾಲೆಯ ಜಾಲತಾಣದಲ್ಲಿ ಕಾರ್ಯಕ್ರಮಗಳ ಪಟ್ಟಿ ತೆರೆದು ಉಚಿತ ಎಂದು ಸೋಸಿ ನೋಡಿ. ಪರೀಕ್ಷೆಯ ಋತುವಿನಲ್ಲಿ ದಿನಕ್ಕೆರಡು ಕಛೇರಿ ಇರುವುದುಂಟು. ಬೇಸಿಗೆ ರಜೆಯಲ್ಲಿ ಒಂದೂ ಇರುವುದಿಲ್ಲ.

ವಿಯೆನ್ನಾದ ಸ್ಟೇಟ್ ಆಪೆರಾದಲ್ಲಿ ನಿಂತು ನೋಡುವ ಟಿಕೆಟ್ ಬಲು ಅಗ್ಗ, ಆಯಾ ದಿನವೇ ಸಿಗುತ್ತದೆ. ಅಲ್ಲಿನ ರೂಢಿ ಹೀಗಿದೆ: ಒಳಗೆ ಹೋಗಿ ನಿಮ್ಮ ಜಾಗದ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿದರೆ ಆ ಜಾಗ ನಿಮ್ಮದು, ಆಟ ಶುರುವಾಗುವವರೆಗೆ ಹೊರಗೆ ಅಡ್ಡಾಡಿ ಬರಬಹುದು. ಸ್ಕಾರ್ಫ್ ಮರೆತವರು ನಿಂತಲ್ಲೇ ನಿಂತಿರಬೇಕು. ಮೆತ್ತನೆ ಅಡಿಯ ಚಪ್ಪಲಿ ಹಾಕಿ, ದೀರ್ಘ ಕೃತಿಯಾದರೆ ಒಂದು ಅಂಕ ನೋಡಿ ಹೊರಬಂದರೂ ನಷ್ಟವಿಲ್ಲ. ಏಪ್ರಿಲ್, ಮೇ, ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಅನೇಕ ಪ್ರದರ್ಶನಗಳನ್ನು ಕಟ್ಟಡದ ಹೊರಗಿನ ಚೌಕದಲ್ಲಿ ದೊಡ್ಡ ಪರದೆಯ ಮೇಲೆ ನೇರವಾಗಿ ತೋರಿಸುತ್ತಾರೆ, ಅದಕ್ಕೆ ಶುಲ್ಕವೇ ಇಲ್ಲ.

ಪ್ರವೇಶ ಶುಲ್ಕ ಹೆಚ್ಚಿರುವ ದೊಡ್ಡ ಚರ್ಚುಗಳಲ್ಲಿ ಪ್ರಾರ್ಥನೆಗೆ ಬರುವವರಿಗೆ ಶುಲ್ಕವಿಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಸಂಜೆಯ ಪ್ರಾರ್ಥನೆಯಲ್ಲಿ ಕುಳಿತರೆ ಗಾಯಕವೃಂದದ ಹಾಡು ಆ ಕಲ್ಲಿನ ಚಾವಣಿಯ ಕೆಳಗೆ ಕೇಳುತ್ತದೆ. ತಿರುಗಾಡಲು, ಫೋಟೊ ತೆಗೆಯಲು ಆಗ ಅವಕಾಶವಿಲ್ಲ. ಕೊನೆಯವರೆಗೆ ಕೂರುವ ಮನಸ್ಸಿದ್ದರೆ ಮಾತ್ರ ಹೋಗಿ.

ಸಂಸತ್ತು, ನ್ಯಾಯಾಲಯಗಳ ಸಾರ್ವಜನಿಕ ಗ್ಯಾಲರಿಯೂ ಅನೇಕ ದೇಶಗಳಲ್ಲಿ ತೆರೆದಿರುತ್ತದೆ. ಲಂಡನ್ನಿನ ಓಲ್ಡ್ ಬೇಲಿಯಲ್ಲಿ ದೊಡ್ಡ ಅಪರಾಧ ಪ್ರಕರಣಗಳ ವಿಚಾರಣೆ ಕೇಳಬಹುದು, ಆದರೆ ಫೋನು, ಬ್ಯಾಗು ಒಳಗೆ ಬಿಡುವುದಿಲ್ಲ, ಅಲ್ಲಿ ಇಡಲು ಜಾಗವೂ ಇಲ್ಲ. 14 ವರ್ಷದೊಳಗಿನವರಿಗೆ ಪ್ರವೇಶವಿಲ್ಲ. ಆ ದಿನ ಬರಿಗೈಯಲ್ಲಿ ಹೋಗಿ.

ಉದ್ಯಾನಗಳು ಮತ್ತು ಬೆಳಗಿನ ಓಟ

ಸಸ್ಯೋದ್ಯಾನಗಳಲ್ಲಿ ಹೊರಗಿನ ತೋಟ ಉಚಿತ, ಒಳಗಿನ ವಿಶೇಷ ಭಾಗಕ್ಕೆ ಶುಲ್ಕ ಎನ್ನುವುದು ಎಲ್ಲೆಡೆ ಕಾಣುವ ಪದ್ಧತಿ. 1859ರಲ್ಲಿ ಸ್ಥಾಪನೆಯಾಗಿ 2015ರಲ್ಲಿ ವಿಶ್ವ ಪರಂಪರೆ ಪಟ್ಟಿ ಸೇರಿದ ಸಿಂಗಪುರ ಸಸ್ಯೋದ್ಯಾನ ಬೆಳಿಗ್ಗೆ 5ರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ, ದುಡ್ಡು ಕೇಳುವುದು ಆರ್ಕಿಡ್ ತೋಟಕ್ಕೆ ಮಾತ್ರ. ಅದೇ ಊರಿನ ಗಾರ್ಡನ್ಸ್ ಬೈ ದ ಬೇಯಲ್ಲಿ ಗಾಜಿನ ಮನೆಗಳಿಗೂ ತೂಗುದಾರಿಗೂ ಟಿಕೆಟ್ ಉಂಟು. ದೈತ್ಯ ಕೃತಕ ಮರಗಳ ಬೆಳಕು ಸಂಗೀತದ ಆಟ ರಾತ್ರಿ 7:45 ಮತ್ತು 8:45ಕ್ಕೆ ಎಲ್ಲರಿಗೂ ಉಚಿತ. ಎರಡನೇ ಆಟಕ್ಕೆ ಹೋಗಿ, ಮರಗಳ ಬುಡದಲ್ಲೇ ಅಂಗಾತ ಮಲಗಿ ನೋಡಿ.

ಓಡುವ ಅಭ್ಯಾಸವಿದ್ದವರಿಗೆ ಶನಿವಾರ ಬೆಳಿಗ್ಗೆ ಪಾರ್ಕ್‌ರನ್ ಇದೆ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ ಶುರುವಾದ ಈ 5 ಕಿಲೋಮೀಟರ್ ಓಟ ಇಂದು ಹಲವು ದೇಶಗಳಲ್ಲಿ ನಡೆಯುತ್ತದೆ. ಒಮ್ಮೆ ನೋಂದಾಯಿಸಿದರೆ ಸಿಗುವ ಬಾರ್‌ಕೋಡ್ ಎಲ್ಲ ಕಡೆ ನಡೆಯುತ್ತದೆ. ಅದು ಇಲ್ಲದೆ ಓಡಿದರೆ ನಿಮ್ಮ ಸಮಯ ದಾಖಲಾಗುವುದಿಲ್ಲ. ನಡೆದೇ ಮುಗಿಸಿದರೂ ಯಾರೂ ಏನೂ ಅನ್ನುವುದಿಲ್ಲ.

ಬಸ್ಸು, ಟ್ರಾಮಿನ ಲೆಕ್ಕ

ದಿನದ ಪಾಸ್ ಕೊಳ್ಳುವ ಮೊದಲು ಅದರ ಬೆಲೆಯನ್ನು ಒಂದು ಪಯಣದ ದರದಿಂದ ಭಾಗಿಸಿ. 3.4 ಬಂದರೆ ನಾಲ್ಕು ಸಲ ಹತ್ತಿದಾಗ ಮಾತ್ರ ಲಾಭ. ಮೇಲೆ ಹೇಳಿದಂತೆ ಒಂದು ಗುಂಪಿನ ಜಾಗಗಳನ್ನು ನಡೆದು ನೋಡುವವರಿಗೆ ಸಾಮಾನ್ಯವಾಗಿ ಎರಡೇ ಪಯಣ ಸಾಕಾಗುತ್ತದೆ, ಪಾಸ್ ದಂಡ. ಬದಲಾಯಿಸುವ ನಿಯಮವನ್ನೂ ಓದಿ: ಲಂಡನ್ನಿನಲ್ಲಿ ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ದರ, ನ್ಯೂಯಾರ್ಕಿನಲ್ಲಿ ಎರಡು ಗಂಟೆಯೊಳಗೆ ಸಬ್‌ವೇ ಮತ್ತು ಬಸ್ ನಡುವೆ ಒಂದು ಬದಲಾವಣೆ ಉಚಿತ. ಎರಡೂ ಕಡೆ ಮೊದಲು ತೋರಿಸಿದ ಕಾರ್ಡನ್ನೇ ಮತ್ತೆ ತೋರಿಸಬೇಕು. ಒಮ್ಮೆ ಫೋನು, ಮತ್ತೊಮ್ಮೆ ಕಾರ್ಡು ತೋರಿಸಿದರೆ ಯಂತ್ರ ಇಬ್ಬರು ಎಂದು ಎಣಿಸುತ್ತದೆ, ಕಾರ್ಡಿನ ಖಾತೆ ಒಂದೇ ಆಗಿದ್ದರೂ ಸಹ.

ಲಕ್ಸಂಬರ್ಗ್ ದೇಶದಲ್ಲಿ 2020ರಿಂದ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲರಿಗೂ ಉಚಿತ. ಮೆಲ್ಬರ್ನ್‌ನ ನಡುಭಾಗದಲ್ಲಿ 2015ರಿಂದ ಟ್ರಾಮ್ ಉಚಿತ, ಆದರೆ ಆ ವಲಯದ ಗಡಿ ದಾಟಿ ಒಂದು ನಿಲ್ದಾಣ ಮುಂದೆ ಹೋಗುವುದಿದ್ದರೂ ಕಾರ್ಡ್ ತಾಗಿಸಲೇಬೇಕು, ತಪ್ಪಿದರೆ ದಂಡ. ಗಡಿಯ ನಿಲ್ದಾಣದಲ್ಲಿ ಫಲಕ ಇರುತ್ತದೆ, ಒಳಗೆ ಘೋಷಣೆಯೂ ಆಗುತ್ತದೆ; ಕಿವಿಯಲ್ಲಿ ಇಯರ್‌ಫೋನ್ ಇದ್ದವರೇ ಸಿಕ್ಕಿಬೀಳುವುದು.

ಕೂತು ಊರು ನೋಡಲು ಹಾಂಗ್‌ಕಾಂಗ್‌ನ ಎರಡು ಮಹಡಿಯ ಟ್ರಾಮಿಗಿಂತ ಅಗ್ಗದ್ದು ಸಿಗುವುದು ಕಷ್ಟ. 1904ರಿಂದ ಓಡುತ್ತಿದೆ, ಎಷ್ಟು ದೂರ ಹೋದರೂ ಒಂದೇ ದರ. ಹಿಂಬಾಗಿಲಿಂದ ಹತ್ತಿ, ಇಳಿಯುವಾಗ ಮುಂಬಾಗಿಲಲ್ಲಿ ದುಡ್ಡು ಕೊಡಬೇಕು. ಮೇಲ್ಮಹಡಿಯ ಮುಂದಿನ ಸೀಟು ಬೇಕಾದರೆ ನಡುವಿನ ನಿಲ್ದಾಣದಲ್ಲಿ ಕಾಯಬೇಡಿ, ಮಾರ್ಗ ಶುರುವಾಗುವ ಕೊನೆಯ ನಿಲ್ದಾಣಕ್ಕೇ ಹೋಗಿ ಹತ್ತಿ. ಚಿಲ್ಲರೆ ಇಟ್ಟುಕೊಳ್ಳಿ, ಅಲ್ಲಿ ಬಾಕಿ ಕೊಡುವುದಿಲ್ಲ.

ಸೋರಿಕೆ ಮತ್ತು ಮಳೆ

ದಿನವಿಡೀ ಪುಕ್ಕಟೆ ನೋಡಿಯೂ ಸಂಜೆಗೆ ಜೇಬು ಖಾಲಿಯಾಗುವುದು ನೀರಿನ ಬಾಟಲಿ, ಬ್ಯಾಗ್ ಇಡುವ ಲಾಕರ್, ಸುಸ್ತಾದಾಗಿನ ಟ್ಯಾಕ್ಸಿ, ಫೋನ್ ಸತ್ತಾಗ ಕೊಳ್ಳುವ ಚಾರ್ಜರ್ ಇವುಗಳಿಂದ. ಒಂದು ಲೀಟರ್ ಬಾಟಲಿ, ಪವರ್ ಬ್ಯಾಂಕ್, ತೆಳ್ಳನೆ ಮಳೆ ಅಂಗಿ ಸಣ್ಣ ಬೆನ್ನುಚೀಲದಲ್ಲಿ ಇರಲಿ. ಚೀಲ ಸಣ್ಣದಿರುವುದು ಮುಖ್ಯ: ಬ್ರಿಟಿಷ್ ಮ್ಯೂಸಿಯಂ ಗಾಲಿ ಪೆಟ್ಟಿಗೆಗಳನ್ನು ಒಳಗೆ ಬಿಡುವುದಿಲ್ಲ, ಊರು ಬಿಡುವ ದಿನ ಸೂಟ್‌ಕೇಸ್ ಎಳೆದುಕೊಂಡು ಹೋದವರು ಬಾಗಿಲಿಂದಲೇ ವಾಪಸ್. ಉಳಿದುಕೊಂಡ ಜಾಗದಲ್ಲೇ ಪೆಟ್ಟಿಗೆ ಬಿಟ್ಟು ಬನ್ನಿ, ಕೊಠಡಿ ಖಾಲಿ ಮಾಡಿದ ಮೇಲೂ ಬಹುತೇಕ ಕಡೆ ಇಟ್ಟುಕೊಳ್ಳುತ್ತಾರೆ.

ಮಳೆ ಬಂದ ದಿನ ಎಲ್ಲರೂ ದೊಡ್ಡ ಮ್ಯೂಸಿಯಂಗೇ ನುಗ್ಗುತ್ತಾರೆ. ನೀವು ಗ್ರಂಥಾಲಯ, ವಿಶ್ವವಿದ್ಯಾಲಯದ ಸಣ್ಣ ಸಂಗ್ರಹಾಲಯ, ಮುಚ್ಚಿದ ಚಾವಣಿಯ ಹಳೆಯ ಮಾರುಕಟ್ಟೆ, ಭವ್ಯ ರೈಲು ನಿಲ್ದಾಣ ಇವುಗಳನ್ನು ಆ ದಿನಕ್ಕೆ ಕಾದಿಟ್ಟುಕೊಳ್ಳಿ. ಗೋಪುರ ಮತ್ತು ಫೆರಿಯನ್ನು ಮುಂದಕ್ಕೆ ಹಾಕಿ, ಮಳೆ ನಿಂತ ಮರುದಿನ ಬೆಳಿಗ್ಗೆ ದೂಳು ತೊಳೆದುಹೋಗಿ ಗಾಳಿ ತಿಳಿಯಾಗಿರುತ್ತದೆ, ದೂರದವರೆಗೆ ಕಾಣುತ್ತದೆ.